ಸೂಪರ್‌ವೈಸರನ ಹಲ್ಲುನೋವು

ಚಳಿಗಾಲ ಆಗತಾನೇ ಕಾಲಿಟ್ಟಿತ್ತು. ಬೆಳಗಿನ ಮೊದಲ ಗುಟುಕು ಚಹಾ ಬಾಯಿಗೆ ಹೋದದ್ದೇ ತಡ, ಗುಂಡಿ ಕಾರ್ಖಾನೆಯ ಸೂಪರ್‌ವೈಸರನ ಎಡದವಡೆಗೆ ಕಾದ ಸೂಜಿ ಚುಚ್ಚಿದಂತಾಯಿತು. ಹಲ್ಲು ಎಂದು ನರಳಿದ. ಅತ್ತೆ ಬಾಯಿಗೆ ಕೈಯಡ್ಡ ಹಿಡಿದು ನಕ್ಕರು.

ಅವರ ತಪ್ಪಲ್ಲ. ಮೊನ್ನೆ ಮೊನ್ನೆಯವರೆಗೆ ಅವನು ಅಂಗಿಯ ಗುಂಡಿಗಳಿಗೆ ತೂತು ಕೊರೆಯುತ್ತಿದ್ದ. ಆಗ ಅವನು ಜೋಕು ಹೇಳಿದರೆ ಗೋಡೆ ನಕ್ಕರೂ ನಕ್ಕೀತು, ಮನುಷ್ಯರು ನಗುತ್ತಿರಲಿಲ್ಲ. ಹಣವೆಂದರೆ ಹೆಣವೂ ಬಾಯಿ ಬಿಡುತ್ತದಂತೆ. ಸೂಪರ್‌ವೈಸರನಾಗಿ ಸಂಬಳ ದುಪ್ಪಟ್ಟಾದ ಮೇಲೆ ಅವನು ಕೆಮ್ಮಿದರೂ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನಿಗೂ ಅದು ಹಿತವಾಗಿಯೇ ಇತ್ತು, ಅವತ್ತಿನವರೆಗೆ.

ಕಾರ್ಖಾನೆಯಲ್ಲಿ ಗುಮಾಸ್ತ ಹೇಗಿದ್ದೀರಿ ಎಂದು ಕೇಳಿದ. ನೋವಿನಿಂದ ಸಾಯುತ್ತಿದ್ದೇನೆ ಎಂದ ಇವನು. ಗುಮಾಸ್ತ ನಕ್ಕು ನಕ್ಕು, ಪಕ್ಕದವರಿಗೂ ಹೇಳಲು ಓಡಿದ. ಮಧ್ಯಾಹ್ನಕ್ಕೆ ಕೆನ್ನೆ ಬನ್ನಿನಂತೆ ಊದಿತು. ಜೊತೆಯಲ್ಲೇ ತೂತು ಕೊರೆಯುತ್ತಿದ್ದ ಹಳೆಯ ಗೆಳೆಯನ ಮುಂದೆ ಕಣ್ಣೀರೇ ಬಂತು.

"ಏನ್ ಆ್ಯಕ್ಟಿಂಗ್ ಸಾರ್ ನಿಮ್ದು," ಎಂದು ಅವನು ಚಪ್ಪಾಳೆ ತಟ್ಟಿದ.

"ಲೋ, ನಿಜವಾಗ್ಲೂ ಕಣೋ."

ಅದಕ್ಕೂ ನಗು.

ಮನೆಯ ಬೀದಿಯಲ್ಲೇ ಇದ್ದ ಹಲ್ಲಿನ ಡಾಕ್ಟರಿಗೆ ಮಗನನ್ನು ಅದೇ ಕಾರ್ಖಾನೆಗೆ ಸೇರಿಸುವ ಆಸೆ. ಇವನು ಬಾಯಿ ತೆರೆಯುವ ಮೊದಲೇ ಆತ ನಗಲು ಶುರುಮಾಡಿದ. ಇಕ್ಕಳ ಹಿಡಿದ ಕೈ ಕುಲುಕಾಡುವುದನ್ನು ಕಂಡು ಇವನು ಕುರ್ಚಿಯಿಂದ ಇಳಿದು ಓಡಿದ.

ಕೊನೆಗೆ, ಹೆಂಡತಿ ನೆಲ ಒರೆಸಲು ಎತ್ತಿಟ್ಟಿದ್ದ ಹಳೆಯ ಅಂಗಿ ತೊಟ್ಟು, ಗುರುತಿನವರಿಲ್ಲದ ಬೀದಿಯ ಇನ್ನೊಬ್ಬ ಡಾಕ್ಟರ ಬಳಿ ಹೋದ. ಅವರು ನಗಲಿಲ್ಲ. ಅಂಗಿ ನೋಡಿದರು, ಸುಮ್ಮನೆ ಕೆಲಸ ಮುಗಿಸಿದರು. ತಟ್ಟೆಯಲ್ಲಿ ಎರಡು ಹಲ್ಲು ಬಿದ್ದಿದ್ದವು.

"ಪಕ್ಕದ್ದು ಚೆನ್ನಾಗೇ ಇತ್ತಲ್ಲ ಸಾರ್?"

"ಈಗೇನೋ ಚೆನ್ನಾಗಿತ್ತು. ನಾಳೆ ಕೆಟ್ಟರೆ ನಿಮ್ಮಂಥೋರಿಗೆ ಇನ್ನೊಂದ್ಸಲ ದುಡ್ಡು ಕೊಟ್ಟು ಬರೋಕೆ ಎಲ್ಲಾಗುತ್ತಪ್ಪಾ."

ದಾರಿಯುದ್ದಕ್ಕೂ ಇವನಿಗೇ ನಗು ತಡೆಯಲಾಗಲಿಲ್ಲ. ಜನ್ಮದಲ್ಲಿ ಮೊದಲ ಸಲ ನಿಜವಾದ ಜೋಕೊಂದು ಸಿಕ್ಕಿತ್ತು. ಮರುದಿನ ಕಾರ್ಖಾನೆಯಲ್ಲಿ ಅಂಗಿ, ಇಕ್ಕಳ, ಡಾಕ್ಟರ ದನಿ ಎಲ್ಲ ಸೇರಿಸಿ ರಸವತ್ತಾಗಿ ಹೇಳಿದ.

ಒಬ್ಬರೂ ನಗಲಿಲ್ಲ. ರಕ್ತದ ಹತ್ತಿ ಕಂಡಿದ್ದ ಅತ್ತೆ, ನೋವು ನಿಜವಂತೆ ಎಂದು ಬೆಳಗ್ಗೆಯೇ ಬೀದಿಗೆಲ್ಲ ಸಾರಿ, ಸುದ್ದಿ ಕಾರ್ಖಾನೆಗೂ ಮುಟ್ಟಿತ್ತು. ಗುಮಾಸ್ತ ಕಣ್ಣೊರೆಸಿಕೊಂಡ. ಗೆಳೆಯ ತಲೆ ತಗ್ಗಿಸಿ, ಎಂಥಾ ಕಷ್ಟ ಸಾರ್ ನಿಮಗೆ ಎಂದ.

"ನಗ್ರೋ," ಎಂದು ಇವನು ಬೇಡಿಕೊಂಡ.

ಅವರು ಇನ್ನಷ್ಟು ಅತ್ತರು.

ಹೋದ ಎರಡರಲ್ಲಿ ಒಂದು ಕಲ್ಲಿನಂಥ ಗಟ್ಟಿ ಹಲ್ಲು. ಅದು ಹೊರಟುಹೋದದ್ದು ನೆಲ ಒರೆಸುವ ಅಂಗಿಯ ದೆಸೆಯಿಂದ.