ಹುತೂತೂ ಆಚಾರ್ರು ಈ ಸಲ ಯಾವ ಊರಿನ ಕಡೆ?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ಊರಲ್ಲಿ ಎಲ್ಲಾದರೂ ಒಬ್ಬ ಛಲೋ ಆಟಗಾರ ತಲೆ ಎತ್ತಿದ ಅಂದರೆ ಮುಗಿಯಿತು. ಅವನು ಈ ಸಲ ಯಾವ ಊರಿನ ಕಡೆ ಆಡುತ್ತಾನೆ ಅನ್ನುವುದು ಅವನಿಗಿಂತ ಮೊದಲು ಚಹಾದಂಗಡಿಯವರಿಗೆ ಗೊತ್ತಾಗುತ್ತದೆ. ಇಂಥ ಸುದ್ದಿಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ, ಅರ್ಧಕ್ಕರ್ಧ ನಾನೇ ಹುಟ್ಟಿಸಿದ್ದೇನೆ. ಆದರೆ ಸೇರು ಹೋಗಿ ಕಿಲೋ ಬಂದ ಹೊಸದರಲ್ಲಿ ನಡೆದ ಆಚಾರ್ರ ಪ್ರಕರಣದಂಥದ್ದು ಮತ್ತೊಂದಿಲ್ಲ. ಹೇಳುವುದೆಲ್ಲ ಖರೇ. ಎಲ್ಲಾದರೂ ಹೆಚ್ಚುಕಡಿಮೆ ಆಗಿದ್ದರೆ ಅದು ಹೆಚ್ಚೇ ಆಗಿರುತ್ತದೆ, ಕಡಿಮೆ ಮಾಡಿ ಹೇಳುವ ಚಾಳಿ ನನಗಿಲ್ಲ.

೧. ಉಸಿರು

ಆಚಾರ್ರು ಅಂದರೆ ವಯಸ್ಸಾದವರು ಅಂತ ತಿಳಿಯಬೇಡಿ. ಹಿರೇಕೆರೂರ ಕಡೆಯ ಒಂದು ಹಳ್ಳಿಯಲ್ಲಿ ಹನುಮಪ್ಪನ ಗುಡಿಯ ಅರ್ಚಕರ ಮಗ, ಇಪ್ಪತ್ತೆರಡು ವರ್ಷದ ಗಟ್ಟಿ ಆಳು. ಜುಟ್ಟು, ಜನಿವಾರ, ಕೆಳಗೆ ಖಾಕಿ ಚಡ್ಡಿ. ಸಣ್ಣಂದಿನಿಂದ ಮಂತ್ರ ಹೇಳಿ ಹೇಳಿ ಎದೆ ಕಮ್ಮಾರನ ತಿದಿಯಾಗಿತ್ತು. ಈಗ ನೀವು ಕಬಡ್ಡಿ ಅನ್ನುತ್ತೀರಲ್ಲ, ಆಗ ನಮ್ಮ ಕಡೆ ಅದು ಹುತೂತೂ. ಗೆರೆ ದಾಟಿ ಎದುರಿನವರ ಅಂಗಳಕ್ಕೆ ಹೋಗಬೇಕು, ಒಂದೇ ಉಸಿರಿನಲ್ಲಿ ಹುತೂತೂ ಅನ್ನುತ್ತ ಮುಟ್ಟಿ ಬರಬೇಕು. ಉಸಿರು ಬಿಟ್ಟರೂ ಔಟು, ನಡುವೆ ಬೇರೆ ಮಾತು ಬಂದರೂ ಔಟು.

ಆಚಾರ್ರು ಒಮ್ಮೆ ಗೆರೆ ದಾಟಿದರೆ ವಾಪಸು ಬರುವ ಗಡಿಬಿಡಿಯೇ ಇರುತ್ತಿರಲಿಲ್ಲ. ನಾನು ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಅಂಪೈರು ಚಂಚಿ ಬಿಚ್ಚಿ, ಎಲೆ ಒರೆಸಿ, ಅಡಿಕೆ ಕತ್ತರಿಸಿ, ಸುಣ್ಣ ಮುಗಿದದ್ದು ನೋಡಿ, ಪಕ್ಕದವರ ಹತ್ತಿರ ಸುಣ್ಣ ಇಸಗೊಂಡು, ಎಲೆ ಮಡಿಚಿ ಬಾಯಿಗಿಟ್ಟುಕೊಂಡರೂ ಆಚಾರ್ರ ಹುತೂತೂ ನಡೆದೇ ಇತ್ತು. ಎದುರಿನವನೊಬ್ಬ ಬೇಸತ್ತು ಹೇಳಿದ: "ಆಚಾರ್ರ, ನಾನ ಔಟ್ ಆಗೇನಿ ಅಂತ ತಿಳೀರಿ, ಒಂದೀಟು ಉಸಿರು ತಗೊಳ್ರಿ. ನಿಮ್ಮನ್ನ ನೋಡಿ ನನಗ ಎದಿ ಹಿಡಕೊಳ್ಳಾಕತ್ತೇತಿ."

೨. ನನ್ನ ಬಾಯಿ

ನಾನು ಹಾನಗಲ್ಲ ಟೀಮಿನ ಮ್ಯಾನೇಜರು. ಹಗಲು ಅಕ್ಕಿ ಗಿರಣಿಯಲ್ಲಿ ಕೆಲಸ, ಸಂಜೆ ಮ್ಯಾನೇಜರಿಕೆ. ಅಂದರೆ ನೀರಿನ ಕೊಡ ಹೊರುವುದು, ನಿಂಬೆಹಣ್ಣು ಹೋಳು ಮಾಡುವುದು, ಸೋತ ಮೇಲೆ ಅಂಪೈರನ ಜೊತೆ ಜಗಳಾಡುವುದು.

ಅದೇ ಹೊಸದಾಗಿ ನನ್ನ ಮದುವೆಯಾಗಿತ್ತು. ಹೆಂಡತಿ ಶಿಗ್ಗಾವಿಯವಳು. ಆಕೆಯ ತಮ್ಮ ಶಿಗ್ಗಾವಿ ಟೀಮಿನ ಕ್ಯಾಪ್ಟನ್ನು, ಎತ್ತಿನಂಥ ಆಳು. ದೀಪಾವಳಿಗೆ ಮೊದಲು ನಡೆಯುವ ನಾಲ್ಕೂರ ಹುತೂತೂ ಪಂದ್ಯದ ಕಪ್ಪು ಎರಡು ವರ್ಷದಿಂದ ಅವರದೇ. ಪಂಚಮಿಗೆ ತವರಿಗೆ ಹೋದ ಹೆಂಡತಿಯನ್ನು ಕರೆತರಲು ಹೋದಾಗ ಮಾವನವರು ಕಟ್ಟೆಯ ಮೇಲೆ ಹತ್ತು ಮಂದಿಯ ನಡುವೆ ಕೂತು ಕೇಳಿದರು: "ಏನ್ರಿ ಅಳಿಯಾರ, ನಿಮ್ಮೂರ ಗಂಡಸರು ಹುತೂತೂ ಆಡ್ತಾರೋ, ಜೋಗುಳ ಹಾಡ್ತಾರೋ? ಹ್ವಾದ ವರ್ಷ ನೋಡಾಕ ಬಂದ ನನಗ ಕುಂತಲ್ಲೇ ನಿದ್ದಿ ಹತ್ತಿತ್ತು."

ನನ್ನ ಬಾಯಿ ನನ್ನ ಮಾತು ಯಾವತ್ತು ಕೇಳಿದೆ? ಎದ್ದು ನಿಂತು ಹೇಳಿಬಿಟ್ಟೆ: "ಮಾವಾರ, ದೀಪಾವಳಿಗೆ ಈ ಹೊಸ್ತಿಲ ದಾಟಿದರ ಕಪ್ ಹಿಡಕೊಂಡ ದಾಟತೇನಿ. ಇಲ್ಲಾಂದ್ರ ದಾಟೂದುಲ್ಲ."

ಹೊಸ ಅಳಿಯನ ಮೊದಲ ದೀಪಾವಳಿ ಅದು. ಅಳಿಯ ಹೋಗದಿದ್ದರೆ ಮಗಳಾದರೂ ಯಾವ ಮುಖ ಇಟ್ಟುಕೊಂಡು ಒಬ್ಬಳೇ ಹೋಗಬೇಕು? ಬಸ್ಸಿನಲ್ಲಿ ಬರುವಾಗ ಹೆಂಡತಿ ಆಡೂರಿನ ಹತ್ತಿರ ನನ್ನ ಕಡೆ ತಿರುಗಿದಳು. ಒಂದೇ ಮಾತು: "ಸಂತಿಗೆ ಬದನಿಕಾಯಿ ತರಾಕ ಹೋಗಿ ಬರೇ ಚೀಲ ತಂದವರು ನೀವು. ಇನ್ನ ಕಪ್ ತರ್ತೀರಿ, ನಾ ತವರಮನಿ ನೋಡ್ತೇನಿ."

೩. ನೂರು ಎಲೆ

ದೇವರು ನನ್ನ ಕಡೆ ಇದ್ದ. ಆಚಾರ್ರು ಆಡುತ್ತಿದ್ದ ಹಿರೇಕೆರೂರ ಟೀಮು ಅದೇ ತಿಂಗಳು ಒಡೆಯಿತು. ಕ್ಯಾಪ್ಟನ್ ಯಾರಾಗಬೇಕು ಅಂತ ಜಗಳ ಹತ್ತಿ, ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಕ್ಯಾಪ್ಟನ್ನಾದರು. ಬರೇ ಆಟಗಾರರಾಗಿ ಉಳಿದವರು ಆಚಾರ್ರೊಬ್ಬರೇ.

ಇನ್ನು ಕೇಳಬೇಕೇ. ಹಾನಗಲ್ಲ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅದೇ ಮಾತು. ಆಚಾರ್ರು ಯಾವ ಬಸ್ಸು ಹತ್ತಿದರು, ಯಾವ ಊರಲ್ಲಿ ಇಳಿದರು, ಇಳಿದು ಯಾವ ಕಡೆ ನೋಡಿದರು, ಎಲ್ಲವನ್ನೂ ಕಂಡಕ್ಟರು ಬಂದು ವರದಿ ಒಪ್ಪಿಸುತ್ತಿದ್ದ. ಒಂದು ಗುರುವಾರ ಅವನು ಚಹಾ ಸಹ ಕೇಳದೆ ಕೂತುಬಿಟ್ಟ.

"ಏನಾತೋ?" ಅಂದೆ.

"ಮುಗೀತ್ರಿ. ಆಚಾರ್ರು ಸವಣೂರಾಗ ಇಳದ್ರು. ನೂರು ವೀಳ್ಯದೆಲಿ ಕೊಂಡ್ರು. ನನ್ನ ಕಣ್ಣ ಮುಂದ."

ಸವಣೂರ ಎಲೆ ಅಂದರೆ ಸುಮ್ಮನೆ ಮಾತೇ? ಒಂದೆರಡು ಎಲೆ ಕೊಂಡರೆ ಬಾಯಿಗೆ ಅನ್ನಬಹುದು. ನೂರು ಎಲೆ ಅಂದರೆ ಅದು ವೀಳ್ಯ ಹಿಡಿದು ಮಾತು ಕೊಟ್ಟ ಹಾಗೆ ಅಂತ ಇಡೀ ಅಂಗಡಿ ತೀರ್ಮಾನಿಸಿತು. ಸಂಜೆಯ ಹೊತ್ತಿಗೆ ಆಚಾರ್ರು ಸವಣೂರ ಟೀಮಿನ ಕ್ಯಾಪ್ಟನ್ನು, ನಾಳೆ ಅನ್ನುವುದರಲ್ಲಿ ಸವಣೂರ ಹುಡುಗಿಯ ಜೊತೆ ಅವರ ಲಗ್ನ. ಈ ಲಗ್ನದ ಸುದ್ದಿಯಲ್ಲಿ ನನ್ನದೂ ಸ್ವಲ್ಪ ಕೈವಾಡ ಇತ್ತು, ಇಲ್ಲ ಅನ್ನುವುದಿಲ್ಲ.

ತಡೆಯಲಾರದೆ ಶನಿವಾರ ಆಚಾರ್ರ ಊರಿಗೇ ಹೋದೆ. ಗುಡಿಯಲ್ಲಿ ಹನುಮಪ್ಪ ತಲೆಯಿಂದ ಕಾಲಿನವರೆಗೆ ನೂರು ಎಲೆ ಹೊದ್ದು ಹಸಿರಾಗಿ ನಿಂತಿದ್ದ. ಯಾರೋ ಭಕ್ತರು ಎಲೆಪೂಜೆ ಹರಕೆ ಹೊತ್ತಿದ್ದರಂತೆ. ವಾಪಸು ಬಂದು ಚಹಾದಂಗಡಿಯಲ್ಲಿ ಹೇಳಿದೆ: "ಅಂಜಬ್ಯಾಡ್ರಿ. ಸವಣೂರ ವೀಳ್ಯ ಹಿಡದಾವ ಆಚಾರ್ರಲ್ಲ, ಹನುಮಪ್ಪ."

ಕಂಡಕ್ಟರು ಗಾಬರಿಯಾಗಿ ಕೇಳಿದ: "ಅಂವ ಆಡಿದ್ರ ನಮ್ಮ ಗತಿ ಏನ್ರಿ?"

೪. ಹೂವಿನ ಪ್ರಸಾದ

ಆಮೇಲೆ ತಡ ಮಾಡಲಿಲ್ಲ. ಮರುವಾರ ಮತ್ತೆ ಹೋದೆ. ಹೋಗಿ ನೋಡಿದರೆ ಗುಡಿಯ ಪೌಳಿಯಲ್ಲಿ ಸವಣೂರ ಮ್ಯಾನೇಜರು ಕೂತು ಗಂಧ ತೇಯುತ್ತಿದ್ದಾರೆ. ಬಾವಿಯ ಹತ್ತಿರ ನನ್ನ ಹೆಂಡತಿಯ ತಮ್ಮ, ಶಿಗ್ಗಾವಿಯ ಕ್ಯಾಪ್ಟನ್ನು, ನೀರು ಸೇದುತ್ತಿದ್ದಾನೆ. ನನ್ನನ್ನು ಕಂಡವನೇ ಹಗ್ಗ ಬಿಡದೆ ನಕ್ಕ: "ಬರ್ರಿ ಮಾಮಾ. ಪೌಳಿ ಕಸ ಹೊಡಿಯೂದು ನಿಮಗಂತ ಉಳದೈತಿ."

ಹಿರಿಯ ಅರ್ಚಕರು ಜಾಣರು. ಮಗನನ್ನು ಕೇಳಲು ಬಂದವರಿಗೆಲ್ಲ ಒಂದೊಂದು ಸೇವೆ ಹಚ್ಚಿದ್ದರು. ಎರಡು ತಾಸು ಮೂರೂ ಊರಿನವರು ದುಡಿದ ಮೇಲೆ ಗುಡಿ ಹಿಂದೆಂದೂ ಇಲ್ಲದಷ್ಟು ಲಕಲಕ ಹೊಳೆಯಿತು. ಆಗ ಅವರು ಹೇಳಿದರು: "ನೋಡ್ರಿ, ನೀವು ಮೂರೂ ಮಂದಿ ಬೇಕಾದವರು. ಒಬ್ಬರಿಗೆ ಹೂಂ ಅಂದರ ಇಬ್ಬರಿಗೆ ಸಿಟ್ಟು. ದೇವರಿಗೆ ಹೂವಿನ ಪ್ರಸಾದ ಹಚ್ಚೋಣ. ಯಾರ ಹೂವು ಮೊದಲ ಬೀಳ್ತದ, ಹುಡುಗ ಅವರ ಕಡೆ."

ಸವಣೂರಿನವರು ಒಂದು ಮಲ್ಲಿಗೆ ಕೊಟ್ಟರು. ಹೆಂಡತಿಯ ತಮ್ಮ ಒಂದು ತುಂಬೆ ಹೂ ಹುಡುಕಿ ತಂದ. ಇಬ್ಬರೂ ಭಕ್ತಿಯಿಂದ ಸಣ್ಣ ಹೂವು ಆರಿಸಿದರು. ನಾನು ಪೌಳಿ ಗುಡಿಸುವಾಗಲೇ ಹಿತ್ತಲ ಕಡೆ ಕಣ್ಣಿಟ್ಟಿದ್ದೆ. ನನ್ನ ಅಂಗೈಯಷ್ಟು ದೊಡ್ಡ ದಾಸವಾಳ ತಂದು, ದೇವರಿಗೆ ಶುದ್ಧ ಇರಲಿ ಅಂತ ನೀರಿನಲ್ಲಿ ಚೆನ್ನಾಗಿ ಅದ್ದಿ ಕೊಟ್ಟೆ. ಅರ್ಚಕರು ಮೂರನ್ನೂ ಹನುಮಪ್ಪನ ಮೈಗೆ ಹಚ್ಚಿ ಕಣ್ಣು ಮುಚ್ಚಿದರು. ಮಲ್ಲಿಗೆ ಅಲುಗಲಿಲ್ಲ. ತುಂಬೆ ಹೂವಂತೂ ಅಲ್ಲೇ ಹುಟ್ಟಿದ್ದರ ಹಾಗೆ ಕೂತಿತ್ತು. ಅರ್ಚಕರು ಮಂತ್ರ ಶುರು ಮಾಡುವ ಮೊದಲೇ ನನ್ನ ದಾಸವಾಳ ಪಚಕ್ ಅಂತ ಬಿತ್ತು.

"ಅಜ್ಜಾರ, ಇದು ದೇವರ ಇಚ್ಛಾ ಅಲ್ರಿ," ಅಂದ ಹೆಂಡತಿಯ ತಮ್ಮ. "ಹೂವಿನ ಭಾರ."

ಅರ್ಚಕರು ಕಣ್ಣು ತೆರೆಯದೆ ಹೇಳಿದರು: "ಭಾರ ಕೊಟ್ಟವನೂ ಅವನ ಅಲ್ಲೇನಪಾ."

೫. ಪ್ರ್ಯಾಕ್ಟೀಸು

ಪಂದ್ಯಕ್ಕೆ ಎಂಟು ದಿನ ಇರುವಾಗ ಆಚಾರ್ರನ್ನು ಹಾನಗಲ್ಲಿಗೆ ಕರೆತಂದು ನಮ್ಮ ಪಕ್ಕದ ಮನೆಯಲ್ಲಿ ಇಳಿಸಿದೆ. ಅಡುಗೆ ಅವರೇ ಮಾಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಪ್ರ್ಯಾಕ್ಟೀಸಿಗೆ ಕರೆಯಲು ಹೋದರೆ ಮನೆಯ ಮುಂದೆ ಪಾಳಿ. ಒಬ್ಬರ ಎಮ್ಮೆ ಕಳೆದಿತ್ತು, ಯಾವ ದಿಕ್ಕಿಗೆ ಹುಡುಕಬೇಕು ಅಂತ ಕೇಳಬೇಕು. ಇನ್ನೊಬ್ಬರು ಭತ್ತ ಕೊಯ್ಯಲು ದಿನ ಕೇಳಬೇಕು. ಆಚಾರ್ರು ಪಂಚಾಂಗ ಬಿಚ್ಚಿಕೊಂಡು ಕೂತಿದ್ದರು.

"ಆಚಾರ್ರ, ಮೈದಾನಕ್ಕ ಹೋಗೂನ ನಡೀರಿ," ಅಂದೆ.

"ಬರ್ತೇನ್ರಿ. ಇವರೆಲ್ಲ ದೂರದಿಂದ ಬಂದಾರ, ಹ್ಯಾಂಗ ಬಿಟ್ಟು ಬರಲಿ?"

ಎಂಟು ದಿನವೂ ಇದೇ ಆಯಿತು. ಕಡೆಗೆ ಒಂದು ದಿನ ನಮ್ಮ ಟೀಮಿನ ಎಂಟೂ ಮಂದಿ ಅವರನ್ನು ಎಳೆದೇ ತರುತ್ತೇವೆ ಅಂತ ಹೋದರು. ಒಂದು ತಾಸಾದರೂ ಯಾರೂ ಬರಲಿಲ್ಲ. ಹೋಗಿ ನೋಡಿದರೆ ಎಂಟೂ ಮಂದಿ ಪಾಳಿಯಲ್ಲಿ ಕೂತಿದ್ದರು, ತಮಗೆ ಲಗ್ನ ಯಾವಾಗ ಕೂಡಿ ಬರುತ್ತದೆ ಅಂತ ಕೇಳಲು.

೬. ಕಪ್ಪು

ಪ್ರ್ಯಾಕ್ಟೀಸು ಇಲ್ಲದಿದ್ದರೇನು, ಶಿಗ್ಗಾವಿಯ ಮೈದಾನದಲ್ಲಿ ಆಚಾರ್ರು ಇಳಿದ ಮೇಲೆ ಸವಣೂರಿನವರು ಮಧ್ಯಾಹ್ನಕ್ಕೇ ಮನೆಗೆ ಹೋದರು. ಸಂಜೆ ಕೊನೆಯ ಪಂದ್ಯ, ನಾವು ಮತ್ತು ಶಿಗ್ಗಾವಿ. ಮಾವನವರು ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಆಟ ಸಮ ಸಮ ಬಂತು. ಕೊನೆಯ ಸರದಿ ಆಚಾರ್ರದು. ಶಿಗ್ಗಾವಿಯ ಕಡೆ ಅಂಗಳದಲ್ಲಿ ಉಳಿದವನು ನನ್ನ ಹೆಂಡತಿಯ ತಮ್ಮ ಒಬ್ಬನೇ. ಅವನನ್ನು ಮುಟ್ಟಿ ವಾಪಸು ಬಂದರೆ ಕಪ್ಪು ನಮ್ಮದು, ಔಟಾದರೆ ಅವರದು. ನಾನು ಆಗಲೇ ಮಾವನವರ ಕಡೆ ನೋಡಿ ಮೀಸೆ ತಿರುವಿದೆ.

ಆಚಾರ್ರು ಹೋದರು, ಭುಜ ಮುಟ್ಟಿದರು, ತಿರುಗಿದರು. ಹೆಂಡತಿಯ ತಮ್ಮ ಹಾರಿ ಎರಡೂ ಕಾಲು ಹಿಡಿದ. ಆಚಾರ್ರು ನಿಲ್ಲಲಿಲ್ಲ, ಅಂಥ ಎತ್ತಿನಂಥವನನ್ನು ನೇಗಿಲಿನ ಹಾಗೆ ಎಳೆದುಕೊಂಡು ಗೆರೆಯ ಕಡೆ ಹೊರಟರು. ಹುತೂತೂ ನಡೆದೇ ಇತ್ತು. ಗೆರೆಗೆ ಇನ್ನೊಂದು ಮೊಳ ಇರಬೇಕು. ಅಷ್ಟರಲ್ಲಿ ಎಳೆತದ ರಭಸಕ್ಕೆ ಇವನ ತಲೆ ಮುಂದೆ ಬಂದು ಹಣೆ ಆಚಾರ್ರ ಪಾದಕ್ಕೆ ತಾಗಿತು. ಪಾದದ ಮೇಲೆ ಎರಡು ಕೈ, ಕೈ ನಡುವೆ ಹಣೆ, ಹಿಂದೆ ಉದ್ದಕ್ಕೆ ಮಲಗಿದ ಮೈ.

ಆಚಾರ್ರು ನಿಂತರು. ಬಲಗೈ ಎತ್ತಿದರು. ಇಡೀ ಮೈದಾನಕ್ಕೆ ಕೇಳುವ ಹಾಗೆ, "ದೀರ್ಘಾಯುಷ್ಮಾನ್ ಭವ" ಅಂದರು.

ಅಂಪೈರು ಸೀಟಿ ಊದಿದರು.

ನಾನು ಓಡಿದೆ. "ಮಾಸ್ತರ, ಅದು ಆಶೀರ್ವಾದರೀ. ಆಶೀರ್ವಾದಕ್ಕ ಔಟ್ ಕೊಡ್ತಾರೇನು?"

ಅಂಪೈರು ಸಾಲಿ ಮಾಸ್ತರು. ಶಾಂತವಾಗಿ ಹೇಳಿದರು: "ನಿಯಮದಾಗ ಹುತೂತೂ ಒಂದ ಐತ್ರಿ. ಸಂಸ್ಕೃತ ಇಲ್ಲ."

ಆಚಾರ್ರನ್ನು ಕೇಳಿದರೆ ಅವರಿಗೆ ಒಂಚೂರೂ ಬೇಜಾರಿಲ್ಲ. "ಹಣಿ ಪಾದಕ್ಕ ತಾಗಿದ ಮ್ಯಾಲೆ ಸುಮ್ಮನ ಇರಲಿಕ್ಕೆ ಬರ್ತದೇನ್ರಿ? ನಮ್ಮಪ್ಪಗ ಗೊತ್ತಾದರ ಮನಿಗೆ ಸೇರಿಸೂದುಲ್ಲ." ಹೆಂಡತಿಯ ತಮ್ಮನನ್ನು ಕೇಳಿದೆ, ಬೇಕಂತಲೇ ಮಾಡಿದೆಯಾ ಅಂತ. "ಇಲ್ಲ ಮಾಮಾ, ನಿಮ್ಮಾಣಿ. ಬಿದ್ದದ್ದು ಖರೇ. ಬಿದ್ದ ಮ್ಯಾಲ ಪಾದ ಕಂಡ್ವು, ಒಂದು ನಮಸ್ಕಾರ ಇರಲಿ ಅನಿಸ್ತು."

ದೀಪಾವಳಿ ಬಂತು. ನಾನು ಮನೆಯಲ್ಲಿ ಕೂತೆ. ಹೆಂಡತಿ ಗಂಟು ಕಟ್ಟಿಕೊಂಡು ಎದ್ದಳು. "ನಿಮ್ಮ ಮಾತು ನೀವು ಕಾಯ್ಕೊಂಡು ಕುಂದರ್ರಿ, ನಾ ಹೊಂಟೆ," ಅಂದಳು. ಆಕೆಯನ್ನು ಒಬ್ಬಳೇ ಬಸ್ಸಿಗೆ ಹತ್ತಿಸುವುದು ಹೇಗೆ? ಹೊಸ್ತಿಲವರೆಗೆ ಬಿಟ್ಟು ಬರುತ್ತೇನೆ ಅಂತ ಜೊತೆಗೆ ಹೋದೆ. ಆಕೆ ಒಳಗೆ ಹೋದಳು. ನಾನು ಅಂಗಳದಲ್ಲಿ ನಿಂತೆ. ಒಳಗಿನಿಂದ ಹೋಳಿಗೆಯ ವಾಸನೆ ಬಂದು ಮೂಗು ಹಿಡಿದು ಎಳೆಯುತ್ತಿತ್ತು.

ಮಾವನವರು ಹೊರಗೆ ಬಂದರು. ಬೈಯುತ್ತಾರೆ ಅಂದುಕೊಂಡರೆ ನನ್ನ ಎರಡೂ ಕೈ ಹಿಡಿದುಕೊಂಡರು. "ಅಳಿಯಾರ, ನಮ್ಮ ಹುಡುಗನ ಜಾತಕದಾಗ ಈ ವರ್ಷ ಗಂಡಾಂತರ ಅಂತ ನಿಮ್ಮ ಅತ್ತಿ ಆರು ತಿಂಗಳಿಂದ ಸರಿಯಾಗಿ ಉಂಡಿರಲಿಲ್ಲ. ನೀವು ಅಂಥ ಆಚಾರ್ರನ್ನ ಹುಡುಕಿ ತಂದು, ತುಂಬಿದ ಮೈದಾನದಾಗ ದೀರ್ಘಾಯುಷ್ಯ ಕೊಡಿಸಿದ್ರಿ. ಆಕಿ ಅವತ್ತ ಎರಡು ರೊಟ್ಟಿ ಹೆಚ್ಚಿಗೆ ಉಂಡಳು. ಬರ್ರಿ ಒಳಗ."

"ಹೆಂಗ ಬರಲಿ ಮಾವಾರ? ಹತ್ತು ಮಂದಿ ಮುಂದ ಮಾತು ಕೊಟ್ಟೇನಿ. ಕಪ್ ಕೈಯಾಗ ಇಲ್ಲದ ದಾಟಂಗಿಲ್ಲ."

ಮಾವನವರು ಒಳಗೆ ಹೋದರು. ದೇವರ ಮುಂದೆ ಕುಂಕುಮ ಹಚ್ಚಿ ಇಟ್ಟಿದ್ದ ಕಪ್ಪನ್ನು ತಂದು ನನ್ನ ಕೈಗೆ ಕೊಟ್ಟರು.

"ಗಟ್ಟಿ ಹಿಡಕೊಳ್ರಿ," ಅಂದರು. "ಹಾಂ, ಈಗ ದಾಟ್ರಿ."

ಬಲಗಾಲು ಇಟ್ಟು ದಾಟಿದೆ. ಈಗಲೂ ನಾಲ್ಕು ಊರಲ್ಲಿ ಎದೆ ತಟ್ಟಿ ಹೇಳುತ್ತೇನೆ: ಆ ವರ್ಷ ಹುತೂತೂ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಶಿಗ್ಗಾವಿಯ ಕ್ಯಾಪ್ಟನ್ನನ ಮನೆಯ ಹೊಸ್ತಿಲು ದಾಟಿದ ಹಾನಗಲ್ಲಿನ ಗಂಡಸು ನಾನೊಬ್ಬನೇ. ಒಳಗಿನಿಂದ ಹೊರಗೋ, ಹೊರಗಿನಿಂದ ಒಳಗೋ ಅಂತ ಮಾತ್ರ ಯಾರೂ ಕೇಳಬಾರದು.