ನನಗಿಲ್ಲದ ಆ ಒಂದು ಅರ್ಹತೆ

ಕ್ಯಾಥೊಲಿಕ್ ವಿಶ್ವವಿದ್ಯಾಲಯವೊಂದರ ಅಧ್ಯಕ್ಷನಾಗುವುದಕ್ಕೆ ಏನೇನು ಅರ್ಹತೆಗಳು ಬೇಕೋ ಅವುಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ನನಗಿವೆ. ನನ್ನ ಗೆಳೆಯನಿಗೆ ಆ ಒಂದನ್ನು ಬಿಟ್ಟು ಉಳಿದ ಯಾವುದೂ ಇಲ್ಲ. ಹಾಗಿದ್ದೂ ಅಧ್ಯಕ್ಷನಾದವನು ಅವನು! ನಾನು ಹೊಸಪೇಟೆಯ ಒಂದು ಪದವಿ ಕಾಲೇಜಿನಲ್ಲಿ ಪ್ರಭಾರ ಪ್ರಾಂಶುಪಾಲ. ಪ್ರಭಾರ ಎಂದರೆ ಗೊತ್ತಲ್ಲ? ಕುರ್ಚಿ ನಿಮ್ಮದಲ್ಲ, ಅದರೊಳಗಿನ ತಿಗಣೆ ಮಾತ್ರ ನಿಮ್ಮದು.

ಅರ್ಹತೆಗಳಿವೆ ಎನ್ನುವುದು ಬರೀ ನನ್ನ ಊಹೆಯಲ್ಲ. ಇಂಥದೇ ಹುದ್ದೆಗೆ ಯಾವುದೋ ದೇಶದವರು ಕೊಟ್ಟಿದ್ದ ಜಾಹೀರಾತನ್ನು ಕಂಪ್ಯೂಟರಿನಲ್ಲಿ ಹುಡುಕಿ ಓದಿದ್ದೇನೆ. ಡಾಕ್ಟರೇಟ್ ಇರಬೇಕು ಅಂತಿತ್ತು. ಇದೆ. ತುಂಗಭದ್ರಾ ನಾಲೆಗಳ ಸಹಕಾರ ಸಂಘಗಳ ಮೇಲೆ ನಾನು ಬರೆದ ಮಹಾಪ್ರಬಂಧವನ್ನು ನನ್ನ ಮಾರ್ಗದರ್ಶಕರೂ ಸೇರಿದಂತೆ ಅನೇಕರು ಓದದೆಯೇ ಮೆಚ್ಚಿದ್ದಾರೆ. ಆಡಳಿತದ ಅನುಭವ ಬೇಕು. ಕಾಲೇಜಿನ ನೀರಿನ ಟ್ಯಾಂಕು ತೊಳೆಸುವುದರಿಂದ ಹಿಡಿದು ತಪಾಸಣೆಗೆ ಬಂದವರಿಗೆ ಹೋಳಿಗೆ ಬಡಿಸುವ ತನಕ ಎಲ್ಲವನ್ನೂ ಮಾಡಿದ್ದೇನೆ. ದೂರದೃಷ್ಟಿ ಬೇಕು. ಕನ್ನಡಕ ಹಾಕಿಕೊಂಡರೆ ಅದೂ ಇದೆ! ಕೊನೆಯ ಸಾಲಿನಲ್ಲಿತ್ತು ನೋಡಿ: ಕ್ಯಾಥೊಲಿಕ್ ವಿಶ್ವಾಸದಲ್ಲಿ ಬಾಳುವವರಾಗಿರಬೇಕು, ಗುರುದೀಕ್ಷೆ ಪಡೆದ ಪಾದ್ರಿಯಾದರೆ ಲೇಸು. ಕೊರಳಲ್ಲಿ ಲಿಂಗ, ಅಡುಗೆಮನೆಯಲ್ಲಿ ಹೆಂಡತಿ ಇರುವ ನಾನು ಅಲ್ಲಿ ಮುಗ್ಗರಿಸಿದೆ.

ಅವನು ಮುಗ್ಗರಿಸಲಿಲ್ಲ. ಅವನ ಅಪ್ಪ ರೈಲ್ವೆಯಲ್ಲಿ ಖಲಾಸಿ. ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸಿನಲ್ಲಿ ಅವರ ಮನೆ, ಸ್ಟೇಷನ್ ರಸ್ತೆಯಲ್ಲಿ ನಮ್ಮದು. ಶಾಲೆಯಲ್ಲಿ ಒಂದೇ ಬೆಂಚು. ಹತ್ತನೇ ತರಗತಿಯಲ್ಲಿ ನಾನು ಶಾಲೆಗೇ ಮೊದಲಿಗ. ಅವನು ಪಾಸಾದದ್ದು ಅವನಿಗೇ ಆಶ್ಚರ್ಯ. ರಿಸಲ್ಟು ಬಂದ ವಾರದಲ್ಲೇ ಪಾದ್ರಿಯಾಗುತ್ತೇನೆ ಎಂದು ಗುರುಮಠಕ್ಕೆ ಹೊರಟು ನಿಂತ.

"ಯಾಕಲೇ? ದೇವರು ಕರೆದನೇನು?" ಎಂದು ಕೇಳಿದೆ.

"ದೇವರು ಕರದಾನೋ ಇಲ್ಲೋ ಗೊತ್ತಿಲ್ಲ. ಅಲ್ಲಿ ಫುಟ್‌ಬಾಲ್ ಗ್ರೌಂಡ್ ಭಾಳ ಮಸ್ತ್ ಐತಿ" ಎಂದ.

ಫುಟ್‌ಬಾಲಿನ ಬೆನ್ನು ಹತ್ತಿ ಹೋದವನು ತತ್ವಶಾಸ್ತ್ರ ಓದಿದ, ದೈವಶಾಸ್ತ್ರ ಓದಿದ, ವ್ರತಗಳನ್ನು ತೆಗೆದುಕೊಂಡ, ರೋಮಿಗೂ ಹೋಗಿ ಬಂದ. ಒಂದು ದಿನ ದೂರದ ರಾಜ್ಯದ ದೊಡ್ಡ ವಿಶ್ವವಿದ್ಯಾಲಯದ ಅಧ್ಯಕ್ಷನಾದ. ನಾವು ಕುಲಪತಿ ಎನ್ನುವವರನ್ನು ಅಲ್ಲಿ ಪ್ರೆಸಿಡೆಂಟ್ ಎನ್ನುತ್ತಾರೆ. ನಾನು ಸಹಕಾರ ಸಂಘಗಳ ಬೆನ್ನು ಹತ್ತಿ ಹೊಸಪೇಟೆಯಲ್ಲೇ ಉಳಿದೆ.

ಅವನು ವರ್ಷಕ್ಕೊಮ್ಮೆ, ಅದೂ ನಡುಬೇಸಿಗೆಯಲ್ಲಿ, ಇಲ್ಲಿಗೆ ಬರುತ್ತಾನೆ. ಬುದ್ಧಿ ನೆಟ್ಟಗಿರುವವರು ಯಾರಾದರೂ ಬೇಸಿಗೆಯಲ್ಲಿ ಹೊಸಪೇಟೆಗೆ ಬರುತ್ತಾರೆಯೇ? ನನ್ನ ಹೊಟ್ಟೆ ಉರಿಸುವುದಕ್ಕೇ ಬರುತ್ತಾನೆ ಎಂಬುದು ನನ್ನ ಬಹುಕಾಲದ ಸಿದ್ಧಾಂತ. ಆದರೂ ಪ್ರತಿ ಸಲ ನಾನೇ ಸ್ಕೂಟರ್ ತೆಗೆದುಕೊಂಡು ಸ್ಟೇಷನ್ನಿಗೆ ಹೋಗುತ್ತೇನೆ. ಅವನ ಕಾಲಲ್ಲಿ ಹವಾಯಿ ಚಪ್ಪಲಿ, ಹೆಗಲಲ್ಲಿ ಒಂದು ಬಟ್ಟೆಯ ಚೀಲ. ಜೊತೆಗೆ ರೈಲಿನಲ್ಲಿ ಸಂಪಾದಿಸಿದ ಯಾರಾದರೊಬ್ಬರು. ಒಮ್ಮೆ ಹಾಗೆ ಇಳಿದ ಮುದುಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಪಾಪ, ಭಾಳ ಛಲೋ ಮನಷ್ಯಾ ರೀ. ಯಾವುದೋ ಸಾಲ್ಯಾಗ ಗೇಟ್ ಕಾಯ್ತಾನಂತ. ನಿಮ್ಮ ಕಾಲೇಜಿನ್ಯಾಗ ಏನರ ಕೆಲಸ ಇದ್ರ ನೋಡ್ರಿ" ಎಂದರು.

"ಏನಲೇ ಹೇಳಿದಿ ಅವರಿಗೆ?" ಎಂದು ಆಮೇಲೆ ಅವನನ್ನು ಕೇಳಿದೆ.

"ಏನ್ ಕೆಲಸ ಅಂತ ಕೇಳಿದ್ರು. ಒಂದು ಸಾಲಿ ಐತ್ರಿ, ಯಾರು ಬರ್ತಾರ ಯಾರು ಹೋಗ್ತಾರ ನೋಡ್ಕೊಂತೀನಿ ಅಂದೆ. ಸುಳ್ಳೇನಿಲ್ಲಲ್ಲ?"

ನಾನಾಗಿದ್ದರೆ ಪ್ರೆಸಿಡೆಂಟ್ ಎಂಬ ಪದವನ್ನು ಕಂಪಾರ್ಟ್‌ಮೆಂಟಿನ ಕೊನೆಯ ಬರ್ತಿಗೂ ಕೇಳಿಸುವಂತೆ ಹೇಳುತ್ತಿದ್ದೆ!

ಮನೆಗೆ ಬಂದನೆಂದರೆ ನನ್ನ ಹೆಂಡತಿಗೆ ಹಬ್ಬ. ಅವಳ ಪಾಲಿಗೆ ಅವನು "ಫಾದರ್ ಅಣ್ಣಾರು". ವರ್ಷವಿಡೀ ನನಗೆ ಹೆಸರುಕಾಳಿನ ಪಲ್ಯ. ಫಾದರ್ ಅಣ್ಣಾರು ಬಂದ ದಿನ ಎಣ್ಣೆಗಾಯಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬಾಣಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಬದನೆಕಾಯಿ ಯಾವುದಿದೆಯೋ ಅದು ಅವನ ತಾಟಿಗೆ. ತಾಳಿ ಕಟ್ಟಿದವನು ನಾನು, ದೊಡ್ಡ ಬದನೆಕಾಯಿ ಅವನಿಗೆ! ಇದಕ್ಕೆ ಯಾವ ನ್ಯಾಯಾಲಯಕ್ಕೆ ಹೋಗಲಿ?

ಉಣ್ಣುವಾಗ ಒಮ್ಮೆ ನಾನು ಕೊಂಕಿನಿಂದಲೇ ಕೇಳಿದ್ದೆ: "ಅಲ್ಲಲೇ, ಅಷ್ಟು ದೊಡ್ಡ ಕುರ್ಚಿ ಮ್ಯಾಲೆ ಕುಂತು ನೀ ಮಾಡೋ ಕೆಲಸರ ಏನು?"

"ಬೈಸಿಕೊಳ್ಳೋದು. ವಿಶ್ವವಿದ್ಯಾಲಯದಾಗ ದೇವರು ಕಡಿಮಿ ಆಗ್ಯಾನ ಅಂತ ಬಿಷಪ್ ಸ್ವಾಮಿಗಳು ಬೈತಾರ. ದೇವರು ಭಾಳ ಹೆಚ್ಚಾಗ್ಯಾನ ಅಂತ ಸರಕಾರದವರು ಬೈತಾರ. ಸಾಂಬಾರದಾಗ ಬ್ಯಾಳಿ ಕಡಿಮಿ ಅಂತ ಹುಡುಗರು ಬೈತಾರ."

"ಮತ್ತ ನೀ ಏನ್ ಮಾಡ್ತಿ?"

"ಮೊದ್ಲು ಬ್ಯಾಳಿ ಹಾಕಸ್ತೀನಿ."

ಹೆಂಡತಿ ಬಿದ್ದು ಬಿದ್ದು ನಕ್ಕಳು. ನಾನು ಇಷ್ಟು ವರ್ಷದಲ್ಲಿ ಹೇಳಿದ ಯಾವ ಜೋಕಿಗೂ ಅವಳು ಹಾಗೆ ನಕ್ಕಿಲ್ಲ.

ಅಧ್ಯಕ್ಷನಾದವನಿಗೆ ದಾನಿಗಳ ಮನವೊಲಿಸುವ ಚಾತುರ್ಯ ಬೇಕಂತೆ. ಆ ವಿಷಯದಲ್ಲಿ ಅವನೂ ಸೋಲುವುದನ್ನು ನೋಡಬೇಕೆಂದು ಕಂಪ್ಲಿಯ ಒಬ್ಬ ಅಕ್ಕಿ ಗಿರಣಿ ಸಾಹುಕಾರರ ಬಳಿ ಕರೆದುಕೊಂಡು ಹೋದೆ. ನಮ್ಮ ಹಾಸ್ಟೆಲಿಗೆ ಅಕ್ಕಿ ಕೊಡಿ ಎಂದು ನಾನು ಆ ಪುಣ್ಯಾತ್ಮರ ಬಾಗಿಲಿಗೆ ವರ್ಷಗಟ್ಟಲೆ ಅಲೆದಿದ್ದೆ. ಸಂಸ್ಥೆಯ ಇತಿಹಾಸ, ಗುರಿ, ಧ್ಯೇಯ ಎಲ್ಲ ವಿವರಿಸಿದ್ದೆ. ಪ್ರತಿ ಸಲವೂ, "ನೋಡೂಣ್ರಿ ಸರ" ಎಂದಿದ್ದರು. ಇವನು ಹೋದವನೇ ಗಿರಣಿಯೊಳಗೆ ನಿಂತು ಮೂಗೆತ್ತಿ ಬಿಸಿ ಅಕ್ಕಿಯ ವಾಸನೆ ಹೀರಿದ. "ಸಾಹುಕಾರ್ರ, ಈ ಅಕ್ಕಿ ಅನ್ನ ಹೆಂಗಿರ್ತೈತ್ರಿ?" ಎಂದ. ಅಷ್ಟೇ! ಅವರು ಮನೆಗೆ ಕರೆದೊಯ್ದು ಎಲೆ ಹಾಕಿಸಿದರು. ಇವನು ಮೊದಲು ಸಾರಿಗೆ, ಆಮೇಲೆ ಹುಳಿಗೆ, ಆಮೇಲೆ ಮಜ್ಜಿಗೆಗೆ, ಪ್ರತಿ ಸಲ ಗುಡ್ಡದಷ್ಟು ಅನ್ನ ಹಾಕಿಸಿಕೊಂಡು ಉಂಡ. ಸಾಹುಕಾರರ ವಯಸ್ಸಾದ ತಾಯಿ ಬಾಗಿಲಲ್ಲಿ ನಿಂತು, "ಹಿಂಗ ಉಣ್ಣೋರನ್ನ ನೋಡಿ ಎಷ್ಟು ದಿನ ಆತು" ಎಂದು ಕಣ್ಣು ಒರೆಸಿಕೊಂಡರು. ಹೊರಡುವಾಗ ಸಾಹುಕಾರರೇ ಕೈ ಮುಗಿದು, "ನಿಮ್ಮ ಹುಡುಗರಿಗೂ ಕಳಸ್ತೀನ್ರಿ, ಹೂಂ ಅನ್ರಿ" ಎಂದರು. ಇವನು, "ನಮ್ಮದು ದೂರ ಆಗ್ತೈತ್ರಿ, ಇವನ ಹಾಸ್ಟೆಲಿಗೆ ಹಾಕ್ರಿ" ಎಂದುಬಿಟ್ಟ.

ಅಂದಿನಿಂದ ನಮ್ಮ ಹಾಸ್ಟೆಲಿಗೆ ಕಂಪ್ಲಿಯ ಅಕ್ಕಿ ಬರುತ್ತಿದೆ. ಸಂತೋಷಪಡಬೇಕಾದ ನಾನು ಆ ಚೀಲಗಳನ್ನು ನೋಡಿದಾಗಲೆಲ್ಲ ಹಲ್ಲು ಕಡಿಯುತ್ತೇನೆ. "ಕೇಳಬಾರದಲೇ, ಉಣ್ಣಬೇಕು" ಎಂದು ಅವನು ದಾರಿಯಲ್ಲಿ ನನಗೆ ಉಪದೇಶ ಬೇರೆ ಮಾಡಿದ್ದ!

ಇನ್ನೊಂದು ವರ್ಷ ರೋಮಿನಿಂದ ಬಂದ ನಾಲ್ವರು ಅತಿಥಿಗಳನ್ನು ಹಂಪಿ ತೋರಿಸಲು ಕರೆತಂದ. ಇದು ನನ್ನ ಕ್ಷೇತ್ರ, ಬಿಡುತ್ತೇನೆಯೇ? ವಾರವಿಡೀ ತಯಾರಿ ಮಾಡಿಕೊಂಡು, ಕಲ್ಲಿನ ಮಂಟಪವೊಂದರ ಮುಂದೆ ನಿಂತು ಇಂಗ್ಲಿಷಿನಲ್ಲಿ ಉಪನ್ಯಾಸ ಶುರು ಮಾಡಿದೆ. ಬಿಸಿಲು ಧಗಧಗ. ಐದು ನಿಮಿಷವಾಗುವಷ್ಟರಲ್ಲಿ ಇವನು ಮಂಟಪದ ನೆರಳಿನಲ್ಲಿ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗಿದ. ಅಧ್ಯಕ್ಷರೇ ಮಲಗಿದ ಮೇಲೆ ಅತಿಥಿಗಳಿಗೆ ಏನು ಅಡ್ಡಿ? ಒಬ್ಬೊಬ್ಬರಾಗಿ ಅವರೂ ತಣ್ಣನೆಯ ಕಲ್ಲಿನ ಮೇಲೆ ಒರಗಿದರು. ನನ್ನ ಉಪನ್ಯಾಸವನ್ನು ಕೊನೆಯವರೆಗೂ ಕಣ್ಣು ಮಿಟುಕಿಸದೆ ಕೇಳಿದ್ದು ಒಂದು ಮಂಗ. ಅದರ ಕಣ್ಣು ನನ್ನ ಕೈಯಲ್ಲಿದ್ದ ಬಾಳೆಹಣ್ಣಿನ ಮೇಲಿತ್ತು ಎಂಬುದು ಆಮೇಲೆ ತಿಳಿಯಿತು. ಇಂಡಿಯಾದಲ್ಲಿ ತಮಗೆ ಸಿಕ್ಕ ಅತ್ಯಂತ ಸುಖದ ಮಧ್ಯಾಹ್ನ ಅದೇ ಎಂದು ಅತಿಥಿಗಳು ಹೇಳಿದರಂತೆ. ನನಗಲ್ಲ, ಅವನಿಗೆ!

ಸಂಡೂರಿನದನ್ನಂತೂ ನಾನು ಮರೆಯಲಾರೆ. ಅಲ್ಲಿನ ಶಾಲೆಯೊಂದರ ಸಮಾರಂಭಕ್ಕೆ ಅವನು ಮುಖ್ಯ ಅತಿಥಿ, ನಾನು ಸ್ಕೂಟರ್ ಚಾಲಕ. ಅವನದು ಬಿಳಿಯ ನಿಲುವಂಗಿ, ನನ್ನದು ಬಿಳಿಯ ಅಂಗಿ. ದಾರಿಯುದ್ದಕ್ಕೂ ಅದಿರಿನ ಲಾರಿಗಳು. ತಲುಪುವಷ್ಟರಲ್ಲಿ ಇಬ್ಬರೂ ತಲೆಯಿಂದ ಕಾಲಿನವರೆಗೆ ಕೆಂಪು. ಅವನು ವೇದಿಕೆ ಹತ್ತಿ ಕೈ ಚಾಚಿ ನಿಂತು, "ನಮ್ಮಲ್ಲಿ ಕೆಂಪು ಅಂಗಿ ಹಾಕ್ಕೋಬೇಕಂದ್ರ ಕಾರ್ಡಿನಲ್ ಆಗಬೇಕು. ಅದಕ್ಕ ಪೋಪ್ ಸ್ವಾಮಿಗಳು ಆರಿಸಬೇಕು. ಸಂಡೂರಿನ್ಯಾಗ ಲಾರಿಯವರೇ ಮಾಡಿಬಿಟ್ರಲ್ರಿ!" ಎಂದ. ಚಪ್ಪಾಳೆಯೋ ಚಪ್ಪಾಳೆ. ನನ್ನ ಅಂಗಿಯೂ ಅಷ್ಟೇ ಕೆಂಪಾಗಿತ್ತು. ಅದರ ಬಗ್ಗೆ ಮಾತಾಡಿದವಳು ನನ್ನ ಹೆಂಡತಿ ಒಬ್ಬಳೇ. "ಸೋಪಿನಪುಡಿ ತಗೊಂಡು ಬರ್ರಿ" ಎಂದಳು.

ಹೀಗಿರುವಾಗ ಕಳೆದ ವರ್ಷ ಅವನ ಅಧಿಕಾರದ ಅವಧಿ ಮುಗಿಯುತ್ತ ಬಂತು. ಇನ್ನೊಂದು ಅವಧಿಗೆ ಅವನೇ ಮುಂದುವರಿಯುತ್ತಾನೆ ಎಂಬ ಸುದ್ದಿಯಿತ್ತು. ನಾನು ನಿಜ ಹೇಳಿಬಿಡುತ್ತೇನೆ. ಹಂಪಿಗೆ ಹೋಗಿ, ವಿರೂಪಾಕ್ಷನ ಮುಂದೆ ಕೈ ಮುಗಿದು, "ಸಾಕಪ್ಪಾ, ಅವನಿಗೆ ಇನ್ನು ವಿಶ್ರಾಂತಿ ಕೊಡು" ಎಂದು ಬೇಡಿಕೊಂಡೆ. ಕ್ಯಾಥೊಲಿಕ್ ವಿಶ್ವವಿದ್ಯಾಲಯದ ನೇಮಕಾತಿ ವಿರೂಪಾಕ್ಷನ ವ್ಯಾಪ್ತಿಗೆ ಬರುತ್ತದೋ ಇಲ್ಲವೋ ಎಂಬ ಅನುಮಾನ ಇದ್ದೇ ಇತ್ತು.

ಬರುತ್ತದೆ ಅಂತ ಕಾಣುತ್ತದೆ. ಒಂದು ಸಂಜೆ ಅವನೇ ಫೋನ್ ಮಾಡಿದ. "ಲೇ, ಪ್ರೆಸಿಡೆಂಟಗಿರಿ ಮುಗೀತು. ನನಗಿಂತ ಸಣ್ಣಾಂವ, ಭಾಳ ಶಾಣ್ಯಾ ಒಬ್ಬ ಬಂದಾನ. ನನ್ನ ಒಂದು ಹಳ್ಳಿ ಚರ್ಚಿಗೆ ಸಹಾಯಕ ಗುರು ಅಂತ ಹಾಕ್ಯಾರ" ಎಂದ. ಅವರಲ್ಲಿ ವಿಧೇಯತೆಯ ವ್ರತ ಅಂತ ಒಂದಿದೆ. ಮೇಲಿನವರು ಹೋಗು ಎಂದರೆ ಹೋಗಬೇಕು. ಯಾಕೆ ಎನ್ನುವಂತಿಲ್ಲ.

ಆಹಾ! ಕಿವಿಗೆ ಜೇನು ಸುರಿದಂತಾಯಿತು. ಆ ಸಂತೋಷಕ್ಕೆ ಬಸ್‌ಸ್ಟ್ಯಾಂಡ್ ಬಳಿ ಹೋಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದೆ. ಮೊದಲ ಬಜ್ಜಿ ಅಮೃತದಂತಿತ್ತು. ಎರಡನೆಯದನ್ನು ಬಾಯಿಗಿಡುವಾಗ ಯಾಕೋ ಮೈಯೆಲ್ಲ ಉರಿಯತೊಡಗಿತು. ಮೆಣಸಿನಕಾಯಿಯದಲ್ಲ, ಸಿಟ್ಟಿನದು. ಅಲ್ಲ, ಯಾರು ಇವರು? ಒಂದು ಊಟದಲ್ಲಿ ಕಂಪ್ಲಿ ಸಾಹುಕಾರನನ್ನು ಕರಗಿಸಿದವನನ್ನು ಸಹಾಯಕ ಅಂತ ಹಾಕುವುದೆಂದರೇನು? ಹಳ್ಳಿ ಚರ್ಚಿನಲ್ಲಿ ಪ್ರಭಾರಿಯೂ ಅಲ್ಲ, ಸಹಾಯಕ! ಪೊಟ್ಟಣ ಎತ್ತಿಟ್ಟು ಮನೆತುಂಬ ಓಡಾಡುತ್ತ ಕೂಗಾಡಿದೆ.

ಹೆಂಡತಿ ಬಾಗಿಲಿಗೊರಗಿ ನೋಡುತ್ತಿದ್ದಳು. "ಹಂಪಿಗೆ ಹೋಗಿ ಇದನ್ನ ಬೇಡಿಕೊಂಡ್ರಿ. ಈಗ ನಿಮಗ ಏನಾತ್ರಿ?"

"ನಾ ಬೇಡಿಕೊಂಡ್ರ ಅವರು ಮಾಡಿಬಿಡೋದಾ?" ಎಂದೆ.

ಎರಡು ವಾರದ ಮೇಲೆ, ಬರುತ್ತೇನೆಂದು ಮತ್ತೆ ಫೋನ್ ಮಾಡಿದ. ನನಗೆ ಆಶ್ಚರ್ಯ. "ಈಗ ಯಾಕ ಬರ್ತಾನ? ಈಗ ಹೊಟ್ಟಿ ಉರಸಾಕ ಅವನ ಹತ್ರ ಏನೈತಿ?" ಎಂದು ಹೆಂಡತಿಯನ್ನು ಕೇಳಿದೆ.

ಅವಳು ಬದನೆಕಾಯಿ ಆರಿಸುವುದನ್ನು ನಿಲ್ಲಿಸಿದಳು. "ಅವರಿಗೆ ವರ್ಷಕ್ಕೊಮ್ಮೆ ಮನೀಗೆ ಹೋಗಿ ಬರಾಕ ರಜಾ ಕೊಡ್ತಾರಂತ್ರಿ. ಅವರಪ್ಪ ರಿಟೈರಾದ ದಿನ ಕ್ವಾರ್ಟರ್ಸ್ ಹೋತು. ಆಮ್ಯಾಲೆ ಅಪ್ಪ ಅವ್ವ ಇಬ್ರೂ ಹೋದ್ರು. ಮನೀಗೆ ಹೋಗು ಅಂದ್ರ ಅವರು ಎಲ್ಲಿಗೆ ಹೋಗಬೇಕ್ರಿ?"

ಅಷ್ಟು ವರ್ಷ ಸ್ಟೇಷನ್ನಿಗೆ ಸ್ಕೂಟರ್ ಓಡಿಸಿದವನಿಗೆ ಇದು ಹೊಳೆದಿರಲಿಲ್ಲ.

ಬಂದ. ಅದೇ ಹವಾಯಿ ಚಪ್ಪಲಿ, ಅದೇ ಚೀಲ. ಈ ಸಲ ಜೊತೆಗೆ ರೈಲಿನ ಗೆಳೆಯರಾರೂ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತೆವು. ರೊಟ್ಟಿ ಮುರಿದವನು ಬಾಯಿಗಿಡಲಿಲ್ಲ.

"ಲೇ, ಒಂದು ಕೇಳ್ಲಾ? ಹೊಸಾ ಪ್ರೆಸಿಡೆಂಟ್ ಮೊದಲ್ನೇ ದಿನಾನ ಸಾಂಬಾರದಾಗ ಬ್ಯಾಳಿ ಹೆಚ್ಚು ಮಾಡಸಿದನಂತ. ಹುಡುಗರು ಚಪ್ಪಾಳಿ ಹೊಡದರಂತ." ಅವನ ದನಿ ಏರಿತು. "ಅದು ನನ್ನ ಬ್ಯಾಳಿ!"

ನಗಬೇಕೆಂದುಕೊಂಡವನು ಅವನ ಮುಖ ನೋಡಿ ನೀರಿನ ಲೋಟವನ್ನು ಅವನ ಕಡೆ ಸರಿಸಿದೆ.

"ಕುರ್ಚಿ ಬಿಡು ಅಂದ್ರು, ಬಿಟ್ಟೆ. ವ್ರತ ತಗೊಂಡೀನಿ. ಹೊಟ್ಟಿ ವ್ರತ ತಗೊಂಡಿಲ್ಲಲೇ, ಅದು ಉರೀತೈತಿ. ಆ ಹೊಸಾಂವಗ ಒಂದು ಫೋನ್ ಮಾಡಿ ಛಲೋ ಮಾಡಿದಿ ಅನಬೇಕು ಅಂತೀನಿ. ಬಾಯಿ ಬರವಲ್ದು. ಈ ವಿದ್ಯಾದಾಗ ನಿನಗಿಂತ ತಿಳದವ್ರು ಯಾರದಾರ? ಸಾಲ್ಯಾಗಿಂದ ನನ್ನ ಮ್ಯಾಲೆ ಉರಕೊಂತ ಬಂದಿ. ಆದ್ರೂ ಪ್ರತಿ ವರ್ಷ ಸ್ಟೇಷನ್ನಿಗೆ ಬರ್ತಿ, ಮನೀಗೆ ಕರಕೊಂಡು ಬಂದು ಉಣ್ಣಾಕ ಹಾಕ್ತಿ. ಅದು ಹೆಂಗಲೇ? ನನಗೂ ಹೇಳಿಕೊಡು."

ಅಂದರೆ ಇವನಿಗೆ ಮೊದಲಿನಿಂದಲೂ ಗೊತ್ತಿತ್ತು! ಹೆಂಡತಿ ಬಂದು ಬಾಣಲೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬದನೆಕಾಯಿಯನ್ನು ಯಥಾಪ್ರಕಾರ ಅವನ ತಾಟಿಗೆ ಹಾಕಿದಳು. ನಾನು ನನ್ನ ತಾಟಿನದನ್ನೂ ಎತ್ತಿ ಅದರ ಪಕ್ಕದಲ್ಲಿಟ್ಟೆ.

"ಮೊದ್ಲು ಉಣ್ಣಲೇ" ಎಂದೆ.

ಎರಡನ್ನೂ ಉಂಡ. ಕೈ ತೊಳೆದು ಬಂದು, ನನ್ನ ಪಕ್ಕದಲ್ಲೇ ಕೂತು ಹೊಸ ಅಧ್ಯಕ್ಷನಿಗೆ ಫೋನ್ ಹಚ್ಚಿದ. ಆ ಕಡೆ ರಿಂಗಾಗುತ್ತಿರುವುದು ನನಗೂ ಕೇಳಿಸುತ್ತಿತ್ತು.