ಡೆಲ್ಮರ್‌ನ ಗಿಟಾರಿಗೆ ಮೂಳೆ ಹಾಕಿದ್ದು

ಶನಿವಾರ ಬೆಳಿಗ್ಗೆ ಜಿನೀವಾ ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಗಲ್ಲಾದಲ್ಲಿ ಕೂತವಳು, ಬಣ್ಣ ಕಲಸುತ್ತಿದ್ದ ಡೆಲ್ಮರ್ ಸ್ಟಿಡಮ್‌ಗೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: "ಹೋದ ವಾರ ನಿಮ್ಮೆದುರಿಗೇ ಕುಣೀತಿದ್ದೆ. ನಿಮ್ಮ ಕೈ ಆಡೋದು ಕಾಣಿಸ್ತು. ಗಿಟಾರು ಮಾತ್ರ ಕೇಳಿಸ್ಲೇ ಇಲ್ಲ."

ಡೆಲ್ಮರ್‌ನ ಕೈ ನಿಂತಿತು. ಫೈರ್ ಸ್ಟೇಷನ್ನಿನ ಹಾಲ್‌ನಲ್ಲಿ ಪ್ರತಿ ಶನಿವಾರ ಸಂಜೆ ನಡೆಯುವ ಕುಣಿತಕ್ಕೆ ಅವನು ಹನ್ನೊಂದು ವರ್ಷದಿಂದ ಗಿಟಾರು ಬಾರಿಸುತ್ತಿದ್ದ. ವಾರದ ಉಳಿದ ಆರು ದಿನಗಳನ್ನು ಅವನು ಸಹಿಸುತ್ತಿದ್ದದ್ದೇ ಆ ಸಂಜೆಗಾಗಿ.

ಬಾಗಿಲಿನ ತಿರುಗಣಿ ಕೊಳ್ಳಲು ಬಂದಿದ್ದ ಆರ್ವಿಲ್ ಕೈಸರ್ ಅದೇ ತಂಡದ ಬ್ಯಾಂಜೊ ವಾದಕ. ಗೊತ್ತಿಲ್ಲ ಎಂಬ ಮಾತು ಅವನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ತಪ್ಪೆಲ್ಲ ಸ್ಯಾಡಲ್ಲಿನದು ಎಂದ. ಗಿಟಾರಿನ ಹೊಟ್ಟೆಯ ಮೇಲೆ ಆರು ತಂತಿಗಳನ್ನೂ ಹೊತ್ತು ನಿಲ್ಲುವ ಕಿರುಬೆರಳುದ್ದದ ಪಟ್ಟಿ ಅದು. ಡೆಲ್ಮರ್‌ನದು ಪ್ಲಾಸ್ಟಿಕ್ಕು. "ಪ್ಲಾಸ್ಟಿಕ್ಕು ಸದ್ದು ನುಂಗುತ್ತೆ ಕಣೋ. ಮೂಳೆ ಹಾಕ್ಸು, ಮೂಳೆ."

ನಲ್ಲಿ ವಿಭಾಗದ ಹೋಬರ್ಟ್ ತಲೆ ಹೊರಹಾಕಿ, ಗಿಟಾರೂ ಸಂಸಾರವೂ ಒಂದೇ, ತಾನಾಗಿ ಕೂಗದಿದ್ದರೆ ಬಿಚ್ಚಿ ನೋಡಬಾರದು ಎಂದ. ಗಿರಾಕಿಗಳು ಎರಡು ಪಕ್ಷವಾದರು. ಗಿಟಾರನ್ನು ಮುಟ್ಟಿಯೂ ನೋಡದವರ ದನಿಯೇ ಎಲ್ಲರಿಗಿಂತ ಮೇಲಿತ್ತು. ಈ ಗದ್ದಲದಲ್ಲಿ ಪಾದ್ರಿಯ ಹೆಂಡತಿಯ ಜಗಲಿಗೆಂದು ಕಲಸಿದ ಕೆನೆಬಣ್ಣ ಕಪ್ಪೆಹಸಿರಾಗಿ ಹೊರಬಂತು. ಯಜಮಾನ ಡಬ್ಬಿಯನ್ನೊಮ್ಮೆ, ಡೆಲ್ಮರ್‌ನನ್ನೊಮ್ಮೆ ನೋಡಿ, ಇವತ್ತು ಮನೆಗೆ ಹೋಗು ಎಂದ.

ಅವನು ಹೋದದ್ದು ಆರ್ವಿಲ್‌ನ ಅಡುಗೆಮನೆಗೆ. ಕಸಾಯಿಯಿಂದ ತಂದ ದನದ ಮೂಳೆ ಒಲೆಯ ಮೇಲೆ ಕುದಿಯುತ್ತಿತ್ತು, ಜಿಡ್ಡು ಬಿಡಲೆಂದು. ಆರ್ವಿಲ್‌ನ ಹೆಂಡತಿ ವರ್ಡಿ ಅದನ್ನು ಸಾರೆಂದು ತಿಳಿದು ಕ್ಯಾರೆಟ್ಟು, ಈರುಳ್ಳಿ ಹಾಕಿದ್ದಳು. ಗರಗಸದಲ್ಲಿ ಕೊಯ್ದ ಮೊದಲ ಪಟ್ಟಿಯನ್ನು ಉಜ್ಜಿ ಉಜ್ಜಿ ಆರ್ವಿಲ್ ಹಲ್ಲುಕಡ್ಡಿ ಮಾಡಿದ. ಎರಡನೆಯದು ಅಳತೆಗೆ ಬಂತು. ಅಡುಗೆಮನೆಯೆಲ್ಲ ಹಲ್ಲಿನ ಡಾಕ್ಟರ ಕೋಣೆಯ ವಾಸನೆ, ಜೊತೆಗೆ ಸಾರಿನ ಘಮ.

ಹಳೆಯ ಪಟ್ಟಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಇನ್ನೊಮ್ಮೆ ಯೋಚಿಸೋಣ ಎಂದು ಡೆಲ್ಮರ್ ಬಾಯಿ ತೆರೆಯುವಷ್ಟರಲ್ಲಿ ಆರ್ವಿಲ್ ಇಕ್ಕಳ ಹಾಕಿ ಎಳೆದಾಗಿತ್ತು. ಪ್ಲಾಸ್ಟಿಕ್ಕು ಎರಡು ತುಂಡಾಯಿತು. ಯೋಚಿಸುವ ಕೆಲಸ ಅಲ್ಲಿಗೆ ಮುಗಿಯಿತು.

ಮೂಳೆ ಕೂರಿಸಿ, ತಂತಿ ಬಿಗಿದು ಒಮ್ಮೆ ಮೀಟಿದರೆ ಕಪಾಟಿನ ಲೋಟಗಳು ಗುಂಯ್ ಎಂದವು. ಡೆಲ್ಮರ್‌ನ ಕಣ್ಣು ತುಂಬಿ ಬಂತು. ತನ್ನ ಗಿಟಾರಿಗೆ ಇಂಥ ಗಂಟಲಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಏಳು ಗಂಟೆಗೆ ಹಾಲ್ ಜನರಿಂದ ತುಂಬಿತ್ತು. ತಂಡದ ಯಜಮಾನಿ, ನಿವೃತ್ತ ಶಾಲಾ ಬಸ್ ಚಾಲಕಿ ಓಪಲ್ ರಾಸ್ನಿಕ್, ಪಿಟೀಲನ್ನು ಎದೆಗಿಟ್ಟು ಶುರುಮಾಡಿದಳು. ಗಿಟಾರು ಎಲ್ಲರ ಮೇಲೆ ಕೇಳಿಸಿತು. ರಾಗ ತಿರುವು ತೆಗೆದುಕೊಂಡರೂ ಗಿಟಾರು ಎರಡು ಹೆಜ್ಜೆ ನೆಟ್ಟಗೆ ಹೋಗಿ, ಆಮೇಲೆ ನೆನಪಾಗಿ ತಿರುಗುತ್ತಿತ್ತು. ಅದನ್ನೇ ನಂಬಿ ಹೆಜ್ಜೆಯಿಟ್ಟವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಫೈರ್ ಸ್ಟೇಷನ್ನಿನ ಮುಖ್ಯಸ್ಥ ನಿಂಬೆ ಶರಬತ್ತಿನ ಮೇಜಿನ ಮೇಲೆ ಕೂತ. ಮೂರನೇ ಹಾಡಿಗೆ ಓಪಲ್ ವಿರಾಮ ಹೇಳಿ ಡೆಲ್ಮರ್‌ನನ್ನು ಹಿಂಬಾಗಿಲಿಗೆ ಕರೆದೊಯ್ದಳು.

"ಏನ್ ಮಾಡ್ಕೊಂಡು ಬಂದೆ?"

ಮೂಳೆ ಸ್ಯಾಡಲ್ಲು ಎಂದ. ಪ್ಲಾಸ್ಟಿಕ್ಕಿನದು ಸದ್ದು ನುಂಗುತ್ತಿತ್ತಂತೆ.

"ನುಂಗ್ಲಿ ಅಂತಾನೇ ಹಾಕ್ಸಿದ್ದು," ಎಂದಳು ಓಪಲ್. "ನೀನು ಸೇರಿದ ಮೊದಲನೇ ತಿಂಗಳು ತಂತಿ ಹಾಕಿಸ್ಕೊಡ್ತೀನಿ ಅಂತ ಗಿಟಾರು ಒಯ್ದಿದ್ದೆ, ನೆನಪಿದ್ಯಾ? ಅವತ್ತು. ನೀನು ಒಳ್ಳೆ ಮನುಷ್ಯ ಡೆಲ್ಮರ್. ಕಳಿಸೋಕೆ ಯಾರಿಗೂ ಮನಸ್ಸು ಬರ್ಲಿಲ್ಲ."

ಹಳೆಯದು ಮುರಿದುಹೋಯಿತು ಎಂದ ಡೆಲ್ಮರ್. ಓಪಲ್ ಪಿಟೀಲಿನ ಪೆಟ್ಟಿಗೆ ತೆರೆದು, ಕಮಾನಿಗೆ ಉಜ್ಜುವ ರಾಳದ ಡಬ್ಬಿಯ ಕೆಳಗಿನಿಂದ ಬಿಳಿಯ ಪ್ಲಾಸ್ಟಿಕ್ಕಿನ ಪಟ್ಟಿಯೊಂದನ್ನು ತೆಗೆದು ಅವನ ಅಂಗೈಗಿಟ್ಟಳು. "ಆಗ್ಲೇ ನಾಲ್ಕು ಮಾಡಿಸಿಟ್ಟಿದ್ದೆ. ಹತ್ತು ನಿಮಿಷ ಇದೆ."

ಅವನು ಮೆಟ್ಟಿಲ ಮೇಲೆ ಕೂತು ತಂತಿಗಳನ್ನು ಒಂದೊಂದಾಗಿ ಸಡಿಲಿಸಿದ.

ವಿರಾಮದ ನಂತರ ಕುಣಿತ ಬೆಣ್ಣೆಯ ಮೇಲೆ ಚಾಕು ಹೋದಂತೆ ಹೋಯಿತು. ಯಾರೂ ಎಡವಲಿಲ್ಲ. ಕೊನೆಯ ಹಾಡು ಮುಗಿದಾಗ ಮುಖ್ಯಸ್ಥನೇ ಬಂದು ಡೆಲ್ಮರ್‌ನ ಬೆನ್ನು ತಟ್ಟಿ, ಈಗ ಸರಿಹೋಯಿತು ಎಂದ.

ಪಕ್ಕದಲ್ಲಿದ್ದ ಆರ್ವಿಲ್ ಬ್ಯಾಂಜೊ ಕೆಳಗಿಟ್ಟು ಎಲ್ಲರಿಗೂ ಕೇಳುವಂತೆ ವಿವರಿಸಿದ: "ಮೂಳೆ ಹಂಗೇ. ಮೈ ಬಿಸಿಯಾಗೋಕೆ ಮೂರು ಹಾಡು ಬೇಕು. ಆಮೇಲೆ ನೋಡಿ ಅದ್ರ ಗತ್ತು."